ಮೊದಲ ಕಂತು ಯಾರು ತುಂಬಬೇಕು?

ನಮ್ಮ ಹಾವೇರಿ ಕಡೆ ವಿಮೆ ಮಾಡಿಸುವವರು ಏಜೆಂಟನಿಗೆ ಮೊದಲು ಕೇಳುವುದು ‘ಈ ಪಾಲಿಸಿಯಿಂದ ನನಗೇನು ಅನುಕೂಲ’ ಎಂದಲ್ಲ. ‘ಫಸ್ಟ್ ಕಂತು ನೀನ ತುಂಬ್ತಿ ಹೌದಿಲ್ಲೊ?’ ಎಂದು. ಕೇಳುವವರು ಹೊರಗಿನವರೂ ಅಲ್ಲ. ಸೋದರಮಾವ, ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಷ್ಟ್ರು, ಅಪ್ಪನ ಜೊತೆ ಎಪಿಎಂಸಿಯಲ್ಲಿ ಹಮಾಲಿ ಮಾಡಿದವರು. ಅವರ ಲೆಕ್ಕದಲ್ಲಿ ಅದು ವ್ಯಾಪಾರದ ವಾಡಿಕೆ. ಕಾನೂನಿನ ಲೆಕ್ಕದಲ್ಲಿ ತಪ್ಪು, ಅದಕ್ಕೆ ದಂಡವೂ ಇದೆ.

ಎಂ.ಕಾಂ ಮುಗಿಸಿ ಕೆಪಿಎಸ್‌ಸಿ ಅಧಿಸೂಚನೆಗಾಗಿ ಕಾಯುತ್ತಿದ್ದಾಗ, ಕೋಚಿಂಗ್ ಮತ್ತು ರೂಮಿನ ಬಾಡಿಗೆಯಾದರೂ ಹುಟ್ಟಲಿ ಎಂದು ನಾನು ಜೀವ ವಿಮೆಯ ಏಜೆನ್ಸಿ ಹಿಡಿದೆ. ಎರಡು ವರ್ಷವಾಯಿತು. ಸೇರುವುದು ಕಷ್ಟವಲ್ಲ. ಹದಿನೆಂಟು ತುಂಬಿ ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ತರಬೇತಿ ಮುಗಿಸಿ ಐಸಿ-38 ಎಂಬ ಪರೀಕ್ಷೆ ಬರೆಯಬೇಕು. 50 ಬಹು ಆಯ್ಕೆ ಪ್ರಶ್ನೆ, ಶೇ 35 ಅಂಕ ಬಂದರೆ ಪಾಸು. ಎಫ್‌ಡಿಎ, ಎಸ್‌ಡಿಎ ಎಂದು ವರ್ಷಗಟ್ಟಲೆ ಓದಿದವರಿಗೆ ಇದೇನೂ ಭಾರವಲ್ಲ. ಊರಿನಲ್ಲಿ ಇದನ್ನು ಈಗಲೂ ‘ಲೈಸೆನ್ಸ್’ ಎನ್ನುತ್ತಾರೆ. ಆದರೆ ವಿಮಾ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿಯ ನಂತರ ಏಜೆಂಟರನ್ನು ನೇಮಿಸುವುದು ಕಂಪನಿಯೇ. ನಮ್ಮ ಕೈಗೆ ಸಿಗುವುದು ನೇಮಕಾತಿ ಪತ್ರ ಮತ್ತು ಗುರುತಿನ ಚೀಟಿ. ನಡತೆಯ ನಿಯಮಗಳನ್ನು ಮಾಡಿರುವುದು ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ.

ನನ್ನನ್ನು ಸೇರಿಸಿಕೊಂಡ ಅಧಿಕಾರಿ ಮೊದಲ ದಿನವೇ ಒಂದು ಬಿಳಿ ಹಾಳೆ ಕೊಟ್ಟು, ‘ಗೊತ್ತಿರೋ ನೂರು ಮಂದಿ ಹೆಸರು ಬರಿ’ ಎಂದರು. ಬರೆದೆ. ಆ ನೂರು ಮಂದಿಯಲ್ಲಿ ಎಷ್ಟು ಜನ ಮೊದಲ ಕಂತು ಕೇಳುತ್ತಾರೆ, ಆಗ ಏನು ಉತ್ತರ ಕೊಡಬೇಕು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಉತ್ತರ ಪ್ರಪೋಸಲ್ ಫಾರಂನಲ್ಲೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. 1938ರ ವಿಮಾ ಕಾಯ್ದೆಯ 41ನೇ ಕಲಂ. ವಿಮೆ ಮಾಡಿಸಲಿ, ಮುಂದುವರಿಸಲಿ ಎಂಬ ಆಮಿಷಕ್ಕಾಗಿ ಯಾರೂ ಕಮಿಷನ್‌ನಲ್ಲಿ ಪಾಲನ್ನಾಗಲಿ, ಪ್ರೀಮಿಯಂನಲ್ಲಿ ರಿಯಾಯಿತಿಯನ್ನಾಗಲಿ ನೇರವಾಗಿಯೋ ಸುತ್ತುಬಳಸಿಯೋ ಕೊಡುವಂತಿಲ್ಲ. ಕಂಪನಿಯೇ ಎಲ್ಲರಿಗೂ ಪ್ರಕಟಿಸಿದ ರಿಯಾಯಿತಿ ಇದ್ದರೆ ಆ ಮಾತು ಬೇರೆ. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ: ಕೊಡುವವನಷ್ಟೇ ತೆಗೆದುಕೊಳ್ಳುವವನೂ ತಪ್ಪಿತಸ್ಥ. ಹಿಂದೆ ಇದಕ್ಕೆ ಇದ್ದ ದಂಡ ಹೆಚ್ಚೆಂದರೆ 500 ರೂಪಾಯಿ, ಹಾಗಾಗಿ ಯಾರಿಗೂ ಹೆದರಿಕೆ ಇರಲಿಲ್ಲ. 2015ರ ತಿದ್ದುಪಡಿ ಅದನ್ನು 10 ಲಕ್ಷದವರೆಗೆ ಏರಿಸಿತು.

ಈ ಕಲಂ ಗ್ರಾಹಕರನ್ನು ಕಾಯಲು ಇದೆ ಎಂದು ಎಲ್ಲರೂ ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡಿದಾಗ ಇದು ನನ್ನಂಥವನನ್ನೂ ಕಾಯುತ್ತದೆ ಅನ್ನಿಸಿತು. ವರ್ಷಕ್ಕೆ 24,000 ರೂಪಾಯಿ ಪ್ರೀಮಿಯಂ, ಮೂರು ತಿಂಗಳಿಗೊಮ್ಮೆ 6,000 ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು ಮೊದಲ ವರ್ಷದ ಕಮಿಷನ್ ಕಾಲು ಭಾಗ ಎನ್ನೋಣ. ಮೊದಲ ಕಂತು ನಾನು ತುಂಬಿದರೆ ಜೇಬಿನಿಂದ ಹೋಗುವುದು 6,000, ಕಮಿಷನ್ ಬರುವುದು 1,500. ಉಳಿದ 4,500 ಹುಟ್ಟಬೇಕಾದರೆ ಅವರು ಇನ್ನೂ ಮೂರು ಕಂತು ತಪ್ಪದೆ ತುಂಬಬೇಕು. ಅಷ್ಟೆಲ್ಲ ಆದ ಮೇಲೆ ವರ್ಷದ ಕೊನೆಗೆ ನನಗೆ ಉಳಿಯುವುದು ಸೊನ್ನೆ, ಪೆಟ್ರೋಲ್ ಖರ್ಚು ಬೇರೆ. ಇನ್ನು ಪುಕ್ಕಟೆ ಬಂದ ಪಾಲಿಸಿಗೆ ಎರಡನೇ ಕಂತು ತುಂಬುವ ಮನಸ್ಸು ಎಷ್ಟು ಜನರಿಗೆ ಬರುತ್ತದೆ? ಪಾಲಿಸಿ ಲ್ಯಾಪ್ಸ್ ಆಗುತ್ತದೆ. ಏಜೆಂಟ್ ಸಾಲಗಾರನಾಗುತ್ತಾನೆ, ಮನೆಯವರಿಗೆ ವಿಮೆಯೂ ಇರುವುದಿಲ್ಲ.

ಕೈ ಸುಟ್ಟುಕೊಂಡವನು ನಷ್ಟ ತುಂಬಿಕೊಳ್ಳಲು ಹಿಡಿಯುವ ದಾರಿಯೇ ಮುಂದಿನ ತಪ್ಪು. ಮೊದಲ ವರ್ಷದ ಕಮಿಷನ್ ದೊಡ್ಡದು, ಆಮೇಲಿನದು ಚಿಕ್ಕದು. ಆದ್ದರಿಂದ ‘ಅದು ಹಳೇ ಪ್ಲ್ಯಾನ್ ಕಾಕಾ, ಮುರಿಸಿಬಿಡ್ರಿ, ಇದರಾಗ ಡಬಲ್ ಬರತೈತಿ’ ಎಂಬ ಮಾತು ಶುರುವಾಗುತ್ತದೆ. ಇರುವ ಪಾಲಿಸಿಯನ್ನು ಒತ್ತಾಯದಿಂದ ಮುರಿಸಿ, ಮೂರು ವರ್ಷದೊಳಗೆ ತನ್ನಿಂದ ಹೊಸದು ಮಾಡಿಸುವುದು ನಮ್ಮ ನಡತೆಯ ನಿಯಮದಲ್ಲಿ ನಿಷಿದ್ಧ. ಬೇರೆ ಏಜೆಂಟ್ ತಂದ ಪ್ರಪೋಸಲ್‌ನಲ್ಲಿ ಕೈ ಹಾಕುವುದೂ ಹಾಗೆಯೇ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಪಾಲಿಸಿ ಕಟ್ಟಿದ್ದರೆ, ಬಾಂಡ್ ಕೈಗೆ ಬಂದು 30 ದಿನ ಆಗಿಲ್ಲದಿದ್ದರೆ, ಬೇಡವೆಂದು ವಾಪಸು ಕೊಡಬಹುದು. ಸಣ್ಣಪುಟ್ಟ ಖರ್ಚು ಮುರಿದುಕೊಂಡು ಹಣ ಮರಳಿಸುತ್ತಾರೆ.

ಸೋದರಮಾವನಿಗೆ 41ನೇ ಕಲಂ ತೋರಿಸಿದೆ. ‘ನನಗ ಕಾನೂನು ಹೇಳಾಕ ಬಂದಿಯೇನೊ’ ಎಂದು ಎದ್ದು ಹೋದರು. ಆಮೇಲೆ ಮೊದಲ ಕಂತು ತುಂಬುವ ಬೇರೊಬ್ಬ ಏಜೆಂಟನ ಬಳಿ ಪಾಲಿಸಿ ಮಾಡಿಸಿದರು. ಯುಗಾದಿಯವರೆಗೆ ನನ್ನ ಜೊತೆ ಮಾತಿಲ್ಲ. ಗಣಿತದ ಮೇಷ್ಟ್ರು ಹಾಗಲ್ಲ. ‘ನಿನಗೆ ಇದರಲ್ಲಿ ಎಷ್ಟು ಸಿಗತದಪ್ಪಾ, ಖರೇ ಹೇಳು’ ಎಂದರು. ಗ್ರಾಹಕ ಕೇಳಿದರೆ ಕಮಿಷನ್ ದರ ಹೇಳಲೇಬೇಕು ಎಂಬುದು ನಿಯಮ. ಹೇಳಿದೆ. ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿ, ಸಹಿ ಹಾಕಿದರು. ಕೇಳದಿದ್ದರೂ ಈಗ ನಾನೇ ಮೊದಲು ಹೇಳಿಬಿಡುತ್ತೇನೆ, ಅರ್ಧ ಚೌಕಾಶಿ ಅಲ್ಲೇ ಮುಗಿಯುತ್ತದೆ.

ಈ ಕೆಲಸಕ್ಕೆ ಬರಬೇಕೆಂದಿರುವ ಗೆಳೆಯರು ಇನ್ನೂ ಕೆಲವನ್ನು ತಿಳಿದಿರಬೇಕು. ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಗೆ ಕೆಲಸ ಮಾಡಬಹುದು. ಎರಡು ಜೀವ ವಿಮಾ ಕಂಪನಿಯ ಬ್ಯಾಗ್ ಹೊರುವಂತಿಲ್ಲ. ಸಂತೆಯ ದಿನ ಅಜ್ಜಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಕೊಟ್ಟ ಪ್ರೀಮಿಯಂ ಹಣವನ್ನು 24 ಗಂಟೆಯೊಳಗೆ ಕಂಪನಿಗೆ ಮುಟ್ಟಿಸಬೇಕು. ರಜಾದಿನಗಳಿಗೆ ಮಾತ್ರ ವಿನಾಯಿತಿ. ಅದರಲ್ಲಿ ನಮ್ಮ ಕಮಿಷನ್ ಮುರಿದುಕೊಳ್ಳುವಂತೆಯೂ ಇಲ್ಲ. ‘ನೀನು ಪರೀಕ್ಷೆ ಪಾಸಾಗು ಸಾಕು, ನಿನ್ನ ಕೋಡ್ ಮೇಲೆ ಬಿಸಿನೆಸ್ ನಾನು ಮಾಡ್ತೀನಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನೇಮಕವಿಲ್ಲದೆ ಏಜೆಂಟನಂತೆ ವ್ಯವಹರಿಸುವುದು ದಂಡನೀಯ. ‘ನಿನ್ನ ಕೆಳಗ ಐದು ಮಂದಿ, ಅವರ ಕೆಳಗ ಐದು ಮಂದಿ’ ಎಂಬ ಸರಪಳಿಯ ಮಾತು ಕಾಲೇಜು ಹುಡುಗರಿಗೇ ಹೆಚ್ಚು ಬರುತ್ತದೆ. ಬಹುಹಂತದ ಆ ಜಾಲದ ಮೂಲಕ ವಿಮೆ ಮಾರುವುದನ್ನು ಕಾಯ್ದೆಯ 42ಎ ಕಲಂ ಹೆಸರಿಟ್ಟೇ ನಿಷೇಧಿಸಿದೆ.

ಇವೆಲ್ಲ ಹಣದ ಮಾತು. ಹಣಕ್ಕಿಂತ ದೊಡ್ಡದು ಪ್ರಪೋಸಲ್ ಫಾರಂ. ಅದರಲ್ಲಿ ಆರೋಗ್ಯದ ಪ್ರಶ್ನೆಗಳಿರುತ್ತವೆ: ಬಿಪಿ ಇದೆಯೆ, ಸಕ್ಕರೆ ಕಾಯಿಲೆ ಇದೆಯೆ, ಆಸ್ಪತ್ರೆ ಸೇರಿದ್ದಿರಾ. ಬಹಳಷ್ಟು ಫಾರಂಗಳಲ್ಲಿ ಈ ಉತ್ತರಗಳು ಏಜೆಂಟನ ಕೈಬರಹದಲ್ಲೇ ಇರುತ್ತವೆ. ಎಲ್ಲದರ ಮುಂದೆ ‘ಇಲ್ಲ’, ಕೆಳಗೆ ಗ್ರಾಹಕನ ಸಹಿ. ಮಹತ್ವದ ಮಾಹಿತಿ ಬಿಡುವಂತೆ ಅಥವಾ ಸುಳ್ಳು ಬರೆಯುವಂತೆ ಪ್ರೇರೇಪಿಸುವುದು ಏಜೆಂಟ್ ಮಾಡಬಾರದ ಕೆಲಸಗಳಲ್ಲಿ ಸೇರಿದೆ. ಯಾಕೆ ಎಂಬುದು 45ನೇ ಕಲಂ ಓದಿದರೆ ತಿಳಿಯುತ್ತದೆ. ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ಆ ಮೂರು ವರ್ಷದೊಳಗೆ ಸಾವಾದರೆ ಆಸ್ಪತ್ರೆಯ ಚೀಟಿಗಳನ್ನೆಲ್ಲ ಕೆದಕಿ ನೋಡುತ್ತಾರೆ.

ನಮ್ಮ ಓಣಿಯ ಒಬ್ಬ ಅಕ್ಕನ ಗಂಡ ಲಾರಿ ಡ್ರೈವರ್ ಆಗಿದ್ದರು. ಪಾಲಿಸಿ ಮಾಡಿಸಿ ಹದಿನಾಲ್ಕು ತಿಂಗಳಿಗೆ ಹೃದಯಾಘಾತದಿಂದ ತೀರಿಕೊಂಡರು. ಸಕ್ಕರೆ ಕಾಯಿಲೆಗೆ ಐದು ವರ್ಷದಿಂದ ಗುಳಿಗೆ ನುಂಗುತ್ತಿದ್ದುದು ಆಸ್ಪತ್ರೆಯ ಪುಸ್ತಕದಲ್ಲಿತ್ತು, ಫಾರಂನಲ್ಲಿ ‘ಇಲ್ಲ’ ಎಂದಿತ್ತು. ‘ಬರದ್ರ ಪ್ರೀಮಿಯಂ ಜಾಸ್ತಿ ಆಗತೈತಿ, ಮೆಡಿಕಲ್ ಕೇಳ್ತಾರ’ ಎಂದು ಆ ಏಜೆಂಟ್ ಹೇಳಿದ್ದನ್ನು ಅಕ್ಕ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದರು. ಕ್ಲೇಮ್ ತಿರಸ್ಕಾರವಾಯಿತು. ವಂಚನೆ ಎಂದು ಹೇಳದೆ ತಪ್ಪು ಮಾಹಿತಿ ಎಂದಷ್ಟೇ ಹೇಳಿ ತಿರಸ್ಕರಿಸಿದರೆ, ಕಟ್ಟಿದ ಪ್ರೀಮಿಯಂ ಮರಳಿ ಕೊಡಬೇಕು. ಅಷ್ಟು ಅವರಿಗೆ ಬಂತು. ಏಜೆಂಟ್ ಫೋನ್ ಎತ್ತುವುದನ್ನು ಬಿಟ್ಟ. ಕ್ಲೇಮ್ ಸಮಯದಲ್ಲಿ ಮನೆಯವರಿಗೆ ನೆರವಾಗುವುದೂ ಏಜೆಂಟನ ಕರ್ತವ್ಯವೇ ಎಂದು ನಿಯಮದಲ್ಲಿದೆ.

ಆ ಪಾಲಿಸಿ ನನ್ನದಲ್ಲ, ಕಂಪನಿಯೂ ಬೇರೆ. ಆದರೂ ಅಕ್ಕ ಕಾಗದಗಳ ಚೀಲ ಹಿಡಿದು ನಮ್ಮ ಮನೆಗೆ ಬಂದರು. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟೆವು. ಒಂದು ತಿಂಗಳು ಕಾದರೂ ಉತ್ತರವಿಲ್ಲದ ಮೇಲೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಬರೆದುಕೊಟ್ಟೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಫಾರಂ ತುಂಬಿದ್ದು ಯಾರ ಕೈಬರಹ ಎಂಬುದನ್ನು ಬೇರೆ ಸಾಲಿನಲ್ಲೇ ಬರೆದೆವು. ಸಹಿ ಹಾಕುವಾಗ ಅಕ್ಕ, ‘ರೊಕ್ಕ ಬಂದ್ರ ನಿನಗೆಷ್ಟು ಕೊಡಬೇಕೋ ತಮ್ಮಾ?’ ಎಂದು ಕೇಳಿದರು. ಕ್ಲೇಮ್ ಹಣದಲ್ಲಿ ಏಜೆಂಟ್ ಪಾಲು ಕೇಳುವುದು ನಿಷಿದ್ಧ ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಅರ್ಜಿ ಕಳಿಸಿ ಎರಡು ತಿಂಗಳಾಗಿದೆ. ವಿಚಾರಣೆಯ ದಿನ ಇನ್ನೂ ಗೊತ್ತಾಗಿಲ್ಲ. ಪೋಸ್ಟ್‌ಮನ್ ಓಣಿಗೆ ಬಂದಾಗಲೆಲ್ಲ ಅಕ್ಕ ಬಾಗಿಲಿಗೆ ಬಂದು ನಿಲ್ಲುತ್ತಾರೆ.