ನೀರಿನ ಮಟ್ಟ ಹಿಡಿದು ಓಡುವ ದಾರಿ

ಬೆಂಗಳೂರಿನ ಮೇಲ್ಸೇತುವೆ, ಅಂಡರ್‌ಪಾಸ್‌ಗಳ ನಡುವೆ ಓಡಿ ಪಳಗಿದವರು ಶ್ರೀರಂಗಪಟ್ಟಣದ ಸುತ್ತಿನ ನಾಲೆ ಏರಿಗೆ ಬಂದಾಗ ಮೊದಲು ಅರಿವಿಗೆ ಬರುವುದು ದಾರಿಯ ಸಮತಟ್ಟು. ಕಿಲೋಮೀಟರ್‌ಗಟ್ಟಲೆ ಓಡಿದರೂ ಏದುಸಿರು ಬಿಡಿಸುವ ದಿಣ್ಣೆಯಿಲ್ಲ, ಮಂಡಿಗೆ ಪೆಟ್ಟು ಕೊಡುವ ಇಳಿಜಾರಿಲ್ಲ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಭತ್ತ, ದೂರದಲ್ಲಿ ಕರಿಘಟ್ಟ. ಬಯಲುಸೀಮೆ ಅಂದಮೇಲೆ ನೆಲ ಹೀಗೇ ಇರುತ್ತದೆ ಎಂದುಕೊಂಡು ಬಹಳ ಮಂದಿ ಸುಮ್ಮನೆ ಓಡಿಬಿಡುತ್ತಾರೆ.

ಆದರೆ ಏರಿಯಿಂದ ಇಳಿದು ಯಾವುದಾದರೂ ಊರದಾರಿ ಹಿಡಿದು ನೋಡಿ. ಅರ್ಧ ಕಿಲೋಮೀಟರಿಗೇ ನೆಲ ಉಬ್ಬುತ್ತದೆ, ಮತ್ತೆ ತಗ್ಗುತ್ತದೆ. ಮಂಡ್ಯದ ನೆಲ ನಿಜಕ್ಕೂ ಅಲೆಯಲೆಯಾಗಿದೆ. ಸಮತಟ್ಟಾಗಿರುವುದು ನಾಲೆ ಮಾತ್ರ. ನೀರು ಉರುಬದೆ, ನಿಲ್ಲದೆ, ದಂಡೆ ಕೊರೆಯದೆ ಸಾಗಬೇಕಾದರೆ ಕಿಲೋಮೀಟರಿಗೆ ಗೇಣೋ ಮೊಳವೋ ಇಳಿಜಾರು ಸಾಕು. ಅದನ್ನು ಕಾಯ್ದುಕೊಳ್ಳಲು ನಾಲೆ ದಿಣ್ಣೆಗಳನ್ನು ಬಳಸಿಕೊಂಡು, ಹಳ್ಳ ಬಂದಲ್ಲಿ ಒಳಕ್ಕೆ ಸರಿದು ಮತ್ತೆ ಹೊರಕ್ಕೆ ಬರುತ್ತದೆ. ಓಡುವವರಿಗೆ ಕಾರಣವಿಲ್ಲದ ತಿರುವು ಎನಿಸುವ ಒಂದೊಂದೂ ಒಂದು ಲೆಕ್ಕಾಚಾರ. ನಾವು ಸುಖವಾಗಿ ಓಡುವ ಮಟ್ಟವನ್ನು ನಮಗಿಂತ ಎಷ್ಟೋ ಮೊದಲು ಯಾರೋ ನೀರಿಗಾಗಿ ಅಳೆದು ಇಟ್ಟಿದ್ದಾರೆ.

ಆ ಅಳತೆಯ ಚರಿತ್ರೆ ಕನ್ನಂಬಾಡಿ ಕಟ್ಟೆಗಿಂತ ಹಳೆಯದು. ಕಾವೇರಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ, ಪಕ್ಕದಿಂದ ನಾಲೆ ತೆಗೆದು ನೀರು ತಿರುಗಿಸುವ ಕೆಲಸ ಒಡೆಯರ ಕಾಲದಲ್ಲಿ ಭರದಿಂದ ನಡೆಯಿತು. ರಂಗನತಿಟ್ಟಿನ ನಡುಗಡ್ಡೆಗಳು ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ನಡುವೆ ನದಿಗೆ ಕಟ್ಟಿಸಿದ ಒಡ್ಡಿನಿಂದ ಉಂಟಾದವು. ಮುಂದೆ ಅಲ್ಲಿ ನೆರೆಯುತ್ತಿದ್ದ ಹಕ್ಕಿಗಳನ್ನು ಕಂಡ ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಮಹಾರಾಜರಿಗೆ ಹೇಳಿದ್ದರಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು; 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ನದಿಯ ಬಲದಂಡೆಯ ವಿರಿಜಾ ನಾಲೆ, ಎಡದಂಡೆಯ ಚಿಕ್ಕದೇವರಾಯ ಸಾಗರ ನಾಲೆ, ನದಿಯ ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತರುವ ಬಂಗಾರದೊಡ್ಡಿ ನಾಲೆ, ಇವೆಲ್ಲ ಈ ಸೀಮೆಯ ಹಳೆಯ ನೀರಿನ ದಾರಿಗಳು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು; ಅದರಿಂದ ಹೊರಟ ದೊಡ್ಡ ನಾಲೆಗೆ ಮೊದಲು ವೈಸರಾಯ್ ಇರ್ವಿನ್ ಹೆಸರು ಬಂತು, ಆಮೇಲೆ ವಿಶ್ವೇಶ್ವರಯ್ಯನವರದು. ಜನ ‘ವಿ.ಸಿ. ನಾಲೆ’ ಎನ್ನುತ್ತಾರೆ. ಹುಲಿಕೆರೆಯ ಬಳಿ ಅದು ದಿಣ್ಣೆಯನ್ನು ಬಳಸದೆ ಸುರಂಗದೊಳಗೇ ನುಗ್ಗುತ್ತದೆ. ಹಳೆಯ ನಾಲೆಗೂ ಹೊಸ ನಾಲೆಗೂ ಇರುವ ವ್ಯತ್ಯಾಸ ಓಡುವವರ ಕಾಲಿಗೇ ತಿಳಿಯುತ್ತದೆ: ಹಳೆಯ ನಾಲೆಗಳು ನೆಲ ಹೇಳಿದಂತೆ ಕೇಳಿವೆ, ವಿ.ಸಿ. ನಾಲೆ ನೆಲಕ್ಕೇ ಮಾತು ಹೇಳಿದೆ. ನನಗೆ ಓಡಲು ಹಳೆಯವೇ ಇಷ್ಟ.

ಏರಿಯ ಮೇಲೆ ಓಡುವವರು ಎರಡು ಲೋಕಗಳ ಗಡಿಯಲ್ಲಿರುತ್ತಾರೆ. ನಾಲೆಯ ಮೇಲಿನ ಪಕ್ಕ ನೀರು ಹತ್ತದ ಖುಷ್ಕಿ: ರಾಗಿ, ಹುರುಳಿ, ತೆಂಗಿನ ತೋಟ, ಅಲ್ಲೊಂದು ಇಲ್ಲೊಂದು ಬೋರ್‌ವೆಲ್. ಕೆಳಗಿನ ಪಕ್ಕ ತರಿ: ಭತ್ತ, ಕಬ್ಬು, ಮೆಟ್ಟಿಲುಮೆಟ್ಟಿಲಾಗಿ ನದಿಯವರೆಗೆ ಇಳಿಯುವ ಗದ್ದೆಗಳು. ದಾರಿಯೇನೂ ಓಟಗಾರರಿಗಾಗಿ ಮಾಡಿದ್ದಲ್ಲ. ಟ್ರ್ಯಾಕ್ಟರ್, ಎತ್ತಿನಗಾಡಿಯ ಗಾಲಿ ಹರಿದು ಎರಡು ಜಾಡು ಬಿದ್ದಿರುತ್ತವೆ, ನಡುವೆ ಹುಲ್ಲಿನ ಪಟ್ಟಿ. ಮಳೆ ಬಂದ ಮರುದಿನ ಜಾಡಿನಲ್ಲಿ ಕೆಸರು ನಿಂತಾಗ ಆ ಹುಲ್ಲಿನ ಪಟ್ಟಿಯೇ ಕಾಲಿಗೆ ಭದ್ರ. ಒಣಗಿದ ದಿನಗಳಲ್ಲಿ ಜಾಡೇ ವಾಸಿ. ಮಣ್ಣು ಗಟ್ಟಿಯಾಗಿದ್ದರೂ ಡಾಂಬರಿನಷ್ಟು ಕಾಲು ಒದೆಯುವುದಿಲ್ಲ.

ಒಮ್ಮೆ ಬೆಳಗಿನ ಜಾವ ಪಾಲಹಳ್ಳಿಯ ಕಡೆ ಏರಿಯ ಮೇಲೆ ಒಬ್ಬ ಹಿರಿಯರು ಗುದ್ದಲಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದರು. ನೀರುಗಂಟಿ. ಯಾವ ತೂಬಿಗೆ ಎಷ್ಟು ಹೊತ್ತು ನೀರು, ಯಾರ ಗದ್ದೆಗೆ ಮೊದಲು, ಯಾರಿಗೆ ಆಮೇಲೆ ಎಂಬುದೆಲ್ಲ ಅವರ ತಲೆಯಲ್ಲಿ. ನನ್ನನ್ನು ಕಂಡು, “ಯಾಕ್ ಸ್ವಾಮಿ, ಯಾರಾದ್ರೂ ಅಟ್ಟುಸ್ಕೊಂಡ್ ಬತ್ತಾವ್ರಾ?” ಎಂದರು. ಇಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದೆ. ಒಪ್ಪಿಕೊಂಡವರಂತೆ ತಲೆಯಾಡಿಸಿ ಕೈಯಡಿ ತೋರಿಸಿದರು: ಏರಿಯ ಒಳಮೈಯಲ್ಲಿ ಹೆಬ್ಬೆರಳು ಹೋಗುವಷ್ಟು ಒಂದು ತೂತು, ಒಳಗೆ ನೀರು ಜಿನುಗುವ ಸದ್ದು. “ಏಡಿ ಬಿಲ. ಇವತ್ತು ಮುಚ್ನಿಲ್ಲ ಅಂದ್ರೆ ನಾಳೀಕೆ ಇಷ್ಟಗಲ ಆಯ್ತದೆ, ನಾಡಿದ್ದು ಏರೀನೇ ಇರಾಕಿಲ್ಲ.” ಒಂದು ಹಿಡಿ ಹುಲ್ಲು ತುರುಕಿ, ಮೇಲೆ ಹಸಿಮಣ್ಣು ಹಾಕಿ, ಹಿಮ್ಮಡಿಯಲ್ಲಿ ತುಳಿದು ಗಟ್ಟಿ ಮಾಡಿದರು. ನಾನು ಓಡುವ ನೆಲ ಉಳಿದಿರುವುದು ಇಂಥ ಕೈಗಳಿಂದ. ಏರಿಯ ಅಂಚಿನ ಹುಲ್ಲನ್ನು, ಮೆತ್ತಗಿರುವ ಒಳಮೈಯನ್ನು ಬೂಟುಗಾಲಲ್ಲಿ ತುಳಿಯಬಾರದು ಎಂದು ನನ್ನ ಜೊತೆಗೆ ಓಡುವ ಹುಡುಗರಿಗೆ ಅಂದಿನಿಂದ ಹೇಳುತ್ತಲೇ ಇದ್ದೇನೆ.

ಸಮತಟ್ಟಾದ ದಾರಿ ಸುಲಭ ಎಂಬ ನಂಬಿಕೆಯನ್ನೂ ನಾಲೆ ಏರಿ ಬೇಗ ಬಿಡಿಸುತ್ತದೆ. ಏರಿಳಿತವಿರುವ ದಾರಿಯಲ್ಲಿ ಸ್ನಾಯುಗಳು ಸರದಿ ಮೇಲೆ ದುಡಿಯುತ್ತವೆ. ಹತ್ತುವಾಗ ಮೀನಖಂಡ ಮತ್ತು ಪಿರ್ರೆ, ಇಳಿಯುವಾಗ ತೊಡೆಯ ಮುಂಭಾಗ. ಇಲ್ಲಿ ಮೊದಲ ಹೆಜ್ಜೆಗೆ ದುಡಿದ ಸ್ನಾಯುವೇ ಕೊನೆಯ ಹೆಜ್ಜೆಗೂ ದುಡಿಯಬೇಕು. ಹದಿನೈದು ಕಿಲೋಮೀಟರ್ ದಾಟಿದ ಮೇಲೆ ಮೀನಖಂಡ ಬಿಗಿಯತೊಡಗುತ್ತದೆ. ಅದಕ್ಕೆ ಮದ್ದು, ಮೊದಲ ಅರ್ಧದಲ್ಲಿ ಬೇಕೆಂದೇ ನಿಧಾನವಾಗಿರುವುದು. ದಾರಿ ಸಲೀಸಾಗಿರುವುದರಿಂದ ವೇಗ ತಾನಾಗಿ ಏರುತ್ತದೆ, ಸೋಲು ಅಲ್ಲೇ ಬೀಜ ಬಿತ್ತುತ್ತದೆ.

ಗಾಳಿಯ ಮಾತು ಬೇರೆ. ಆಷಾಢದಲ್ಲಿ ಪಶ್ಚಿಮದಿಂದ ಬೀಸುವ ಗಾಳಿಗೆ ಬಯಲಿನಲ್ಲಿ ಮರೆಯಿಲ್ಲ. ನಾಲೆ ದಾರಿ ಎಂದರೆ ಹೋದ ದಾರಿಯಲ್ಲೇ ಮರಳುವುದು, ಹಾಗಾಗಿ ಒಂದು ಅರ್ಧಕ್ಕೆ ಗಾಳಿ ಎದುರಾಗಲೇಬೇಕು. ಮೈಯಲ್ಲಿ ಕಸುವಿರುವಾಗ ಎದುರುಗಾಳಿಗೆ ಓಡಿ, ದಣಿದ ಮೇಲೆ ಗಾಳಿಯನ್ನು ಬೆನ್ನಿಗೆ ತಂದುಕೊಳ್ಳುವುದು ಜಾಣತನ. ಗದ್ದೆಯಲ್ಲಿ ನೀರು ನಿಂತ ತಿಂಗಳುಗಳಲ್ಲಿ ತೇವದ ಸೆಖೆ ಇನ್ನೊಂದು ಹೊರೆ. ಬಿಸಿಲೇರಿದಂತೆ ಬೆವರು ಆರುವುದಿಲ್ಲ. ರಂಗನತಿಟ್ಟಿನ ಆಸುಪಾಸಿನ ನಾಲೆ ದಾರಿಯಲ್ಲಿ ನಡೆದುಕೊಂಡು ಬಂದಿರುವ ಕಾವೇರಿ ಟ್ರೇಲ್ ಮ್ಯಾರಥಾನ್‌ನಲ್ಲಿ 42.195 ಕಿ.ಮೀ. ಓಡುವವರಿಗೆ ದಿಣ್ಣೆಗಳ ಕಾಟವಿಲ್ಲ. ಅವರ ಪರೀಕ್ಷೆ ಹತ್ತು ಗಂಟೆಯ ಬಿಸಿಲಿನಲ್ಲಿ, ನೆರಳಿಲ್ಲದ ತುಂಡುಗಳಲ್ಲಿ. ಹೋಗುವವರೂ ಬರುವವರೂ ಒಂದೇ ಏರಿಯ ಮೇಲೆ ಎದುರುಬದುರಾಗಿ ಮುಖ ನೋಡಿಕೊಳ್ಳುವುದು ಮಾತ್ರ ನಗರದ ಓಟಗಳಲ್ಲಿ ಅಷ್ಟಾಗಿ ಸಿಗದ ಸುಖ.

ಕಾಲ ನೋಡಿ ಬರಬೇಕು. ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿತೇ ಎಂದು ಇಡೀ ಜಿಲ್ಲೆ ಪತ್ರಿಕೆ ತೆರೆದು ನೋಡುತ್ತದೆ, ಓಡುವವರೂ ನೋಡಲಿ. ಮುಂಗಾರು ಚೆನ್ನಾಗಿದ್ದರೆ ನಾಲೆ ತುಂಬಿ ಹರಿಯುತ್ತದೆ. ಕೊರತೆಯ ವರ್ಷ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ನೀರು. ನಾಟಿಯ ದಿನಗಳಲ್ಲಿ ಏರಿಯ ಮೇಲೆ ಪೈರಿನ ಕಟ್ಟು ಹೊತ್ತವರಿಗೆ ದಾರಿ ಬಿಡಬೇಕು. ಕಟಾವಿನ ಹೊತ್ತಿಗೆ ಹುರುಳಿ, ರಾಗಿಯನ್ನು ರಸ್ತೆಯ ಮೇಲೇ ಹರಡಿ ಒಕ್ಕುವುದುಂಟು. ಅದನ್ನು ತುಳಿದು ಓಡುವುದು ಒಬ್ಬರ ಅನ್ನ ತುಳಿದಂತೆ. ಕಬ್ಬು ಆಳೆತ್ತರ ಬೆಳೆದಾಗ ಕತ್ತಲಿರುವಾಗಲೇ ಒಂಟಿಯಾಗಿ ಹೊರಡುವುದು ಬೇಡ. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುವುದು ಕಟ್ಟುಕತೆಯಲ್ಲ.

ನಾಲೆ ಬೇಡ, ನದಿಯೇ ಬೇಕು ಎನ್ನುವವರಿಗೆ ದ್ವೀಪವಿದೆ. ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಗಂಬಗಳನ್ನು ನೋಡಿಕೊಂಡು, ಕೋಟೆ, ದರಿಯಾ ದೌಲತ್, ಗಂಜಾಂ, ಗುಂಬಜ್ ದಾಟಿ ಎರಡು ಕವಲು ಕೂಡುವ ಸಂಗಮದವರೆಗೆ ನಾಲ್ಕೈದು ಕಿಲೋಮೀಟರ್. ವಾರಾಂತ್ಯಗಳಲ್ಲಿ ವಾಹನಗಳ ಕಾಟ, ಬೆಳಗ್ಗೆ ಏಳರೊಳಗೆ ಮುಗಿಸಿದರೆ ಚೆಂದ.

ವಿ.ಸಿ. ನಾಲೆಯ ಅಂಚಿಗೆ ಮಾತ್ರ ನಾನು ಯಾರನ್ನೂ ಕರೆಯುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ಈ ನಾಲೆಗೆ ಉರುಳಿ 30 ಮಂದಿ ಸತ್ತರು, ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ತಡೆಗೋಡೆಯಿಲ್ಲದ ತಾಣಗಳಲ್ಲಿ ಆಮೇಲೂ ಕಾರುಗಳು ಬಿದ್ದಿವೆ. ಕಾಂಕ್ರೀಟ್ ಹಾಕಿದ ನಾಲೆಯ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ಈಜು ಬಲ್ಲವರಿಗೂ ಹಿಡಿಯಲು ಏನೂ ಸಿಗುವುದಿಲ್ಲ. ಮಣ್ಣಿನ ನಾಲೆಯಲ್ಲಿ ಎಮ್ಮೆ ತಾನೇ ಇಳಿದು ತಾನೇ ಹತ್ತುತ್ತದೆ, ಇಲ್ಲಿ ಅದಕ್ಕೂ ದಾರಿಯಿಲ್ಲ.

ಕೊನೆಯ ಗದ್ದೆಗೆ ನೀರು ಮುಟ್ಟದ ರೈತರ ಸಂಕಟ ಕಂಡವರು ನಾಲೆಗೆ ಕಾಂಕ್ರೀಟ್ ಲೈನಿಂಗ್ ಬೇಡ ಎನ್ನಲಾರರು. ಮಣ್ಣಿನ ನಾಲೆಯಲ್ಲಿ ಇಂಗಿ ಹೋಗುವ ನೀರು ಸಣ್ಣದಲ್ಲ. ಆದರೆ ಕಾಮಗಾರಿಯ ನಕ್ಷೆಯಲ್ಲಿ ಏರಿಗೂ ಜಾಗ ಇರಲಿ ಎಂದು ನೀರಾವರಿ ಇಲಾಖೆಯನ್ನು ಕೇಳಬಹುದು. ರಸ್ತೆ ಹತ್ತಿರ ಬರುವ ತಿರುವುಗಳಿಗೆ ತಡೆಗೋಡೆ, ಊರಿನ ಪಕ್ಕ ಬಟ್ಟೆ ಒಗೆಯುವವರಿಗೆ ಸೋಪಾನ, ದನಗಳಿಗೆ ಇಳಿಜಾರು, ಬಿದ್ದವರು ಹಿಡಿದು ಮೇಲೆ ಬರಲು ಅಲ್ಲಲ್ಲಿ ಮೆಟ್ಟಿಲು ಮತ್ತು ಸರಪಳಿ. ಏರಿಯ ಪೂರ್ತಿ ಅಗಲಕ್ಕೂ ಡಾಂಬರು ಹಾಕದೆ, ಗದ್ದೆಯ ಪಕ್ಕಕ್ಕೆ ಗಾಡಿಯ ಜಾಡಿನಷ್ಟು ಮಣ್ಣು ಬಿಟ್ಟರೆ ಎತ್ತಿನ ಗೊರಸಿಗೂ ಆಯಿತು, ಓಡುವವರ ಮಂಡಿಗೂ ಆಯಿತು.