ಚಿಗರಿಯ ಖರ್ಚು ಯಾರ ಮೇಲೆ?

ವಿಜಯಪುರ ಜಿಲ್ಲೆಯ ನಾಲತವಾಡದ ಕಡೆ ಎರಿ ಹೊಲದಲ್ಲಿ ಕಡಲೆ, ತೊಗರಿ ಎದ್ದು ನಿಂತರೆ ಹಂದಿ, ಚಿಗರಿ ಕಾಯುವ ಮಾತು ಬಂದೇ ಬರುತ್ತದೆ. ಲೈಸೆನ್ಸ್ ಕೊಟ್ಟು ಬೇಟೆ ಆಡಿಸಿ, ಆ ರೊಕ್ಕದಲ್ಲಿ ಅಡವಿ ಬೆಳೆಸಬಾರದೇಕೆ ಎಂದು ಕೇಳುವವರೂ ಇದ್ದಾರೆ. ಕೇಳಿದ್ದರಲ್ಲಿ ತಪ್ಪಿಲ್ಲ. ಅಮೆರಿಕದಲ್ಲಿ ಹೀಗೇ ನಡೆಯುತ್ತದೆ.

ಅಲ್ಲಿನ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಬೇಟೆ ಬಂದೂಕು, ತೋಟಾಗಳ ಮೇಲೆ ಶೇ. 11 ತೆರಿಗೆ ಬೀಳುತ್ತದೆ. ಅದನ್ನು ರಾಜ್ಯಗಳಿಗೆ ಹಂಚುವಾಗ ಅರ್ಧ ಪಾಲಿಗೆ ರಾಜ್ಯದ ವಿಸ್ತೀರ್ಣ, ಉಳಿದರ್ಧಕ್ಕೆ ಬೇಟೆ ಲೈಸೆನ್ಸ್ ಇರುವವರ ಸಂಖ್ಯೆ ಲೆಕ್ಕ. ಕೇಂದ್ರದ ಪ್ರತಿ 3 ಡಾಲರಿಗೆ ರಾಜ್ಯ 1 ಡಾಲರ್ ಸೇರಿಸಬೇಕು. ಲೈಸೆನ್ಸ್ ಶುಲ್ಕವನ್ನು ವನ್ಯಜೀವಿ ಇಲಾಖೆ ಬಿಟ್ಟು ಬೇರೆಲ್ಲಿಗೋ ತಿರುಗಿಸಿದರೆ ಕೇಂದ್ರದ ಹಣವೇ ನಿಂತುಹೋಗುತ್ತದೆ. ನನಗೆ ಕೇಳಿದರೆ ಇಡೀ ಏರ್ಪಾಡಿನ ಜೀವ ಈ ಬೀಗದಲ್ಲಿದೆ, ಬಂದೂಕಿನಲ್ಲಲ್ಲ.

ನಮ್ಮಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಬೇಟೆ ಲೈಸೆನ್ಸ್ ಇತ್ತು. 1991ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಈಗ ಮುಖ್ಯ ದಾರಿ ಕಲಂ 11ರ ಅನುಮತಿ. ಹಂದಿ ಬೆಳೆ ಹಾಳುಮಾಡುತ್ತಿದ್ದರೆ ಆ ಅನುಮತಿಗೆ ಅವಕಾಶವುಂಟು. ಚಿಗರಿ, ಅಂದರೆ ಕೃಷ್ಣಮೃಗ, ಒಂದನೇ ಅನುಸೂಚಿಯ ಪ್ರಾಣಿ. ಮನುಷ್ಯನ ಜೀವಕ್ಕೆ ಅಪಾಯವಾದರೆ, ಇಲ್ಲವೇ ಗುಣವಾಗದಷ್ಟು ರೋಗ, ಗಾಯವಾಗಿದ್ದರೆ ಮಾತ್ರ ಅನುಮತಿ. ಬೆಳೆ ತಿಂದಿತೆಂಬ ಕಾರಣ ಸಾಲದು. ಅನುಮತಿ ಪಡೆದು ಹೊಡೆದ ಪ್ರಾಣಿಯೂ ಸರ್ಕಾರದ ಸ್ವತ್ತು. ಹಾಗಾಗಿ ಬೇಟೆಯಿಂದ ಆದಾಯದ ಬಾಬತ್ತೇ ಇಲ್ಲ.

ಮತ್ತೆ ಹಣ ಎಲ್ಲಿಂದ? ಬಜೆಟ್ಟಿನಿಂದ ಬರುವುದಿದೆ. ಗಣಿ, ರಸ್ತೆಗೆ ಅರಣ್ಯಭೂಮಿ ಪಡೆದವರು ಕಟ್ಟುವ ಕ್ಯಾಂಪಾ (ಪರಿಹಾರ ಅರಣ್ಯೀಕರಣ) ಹಣವಿದೆ. 2016ರ ಕಾಯ್ದೆಯಂತೆ ಅದರಲ್ಲಿ ಶೇ. 90 ರಾಜ್ಯಕ್ಕೆ. ಅಡವಿ ಕಳೆದುಕೊಂಡಷ್ಟೂ ಈ ನಿಧಿ ತುಂಬುತ್ತದೆ ಎಂಬುದು ವಿಚಿತ್ರ, ಆದರೆ ನಿಜ. ಬಂಡೀಪುರ, ನಾಗರಹೊಳೆಯಂಥ ಹುಲಿ ಮೀಸಲು ಪ್ರದೇಶಗಳಿಗೆ ಇನ್ನೊಂದು ಅನುಕೂಲ: ಪ್ರವಾಸಿಗರ ಶುಲ್ಕ ಅಲ್ಲಿನ ಹುಲಿ ಸಂರಕ್ಷಣಾ ಪ್ರತಿಷ್ಠಾನಕ್ಕೇ ಸೇರಿ ಅಲ್ಲಿಯೇ ಖರ್ಚಾಗುತ್ತದೆ.

ಬಯಲುಸೀಮೆಗೆ ಆ ಪ್ರತಿಷ್ಠಾನವಿಲ್ಲ. ಕೃಷ್ಣಾ ಹೊಳೆಯಾಚೆ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರ ಧಾಮವಾಯಿತು. ಹುಲಿ ಇಲ್ಲದ್ದರಿಂದ ಈ ಏರ್ಪಾಡು ಅದಕ್ಕೆ ಸಿಗದು. ನಾಲತವಾಡದ ಚಿಗರಿಯಂತೂ ಯಾವ ಧಾಮದ್ದೂ ಅಲ್ಲ. ಅದರ ಮೇವಿನ ಖರ್ಚು ಹೊತ್ತವನು ರೈತ. ಅವನಿಗೆ ಸಿಗುವುದು ಅರಣ್ಯ ಇಲಾಖೆಯ ಬೆಳೆಹಾನಿ ಪರಿಹಾರ. ಹಾನಿಯಾದ ಕೂಡಲೇ ಫೋಟೊ ತೆಗೆದು, ಪಹಣಿ ಸಮೇತ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಟ್ಟರೆ ಪರಿಶೀಲನೆಗೆ ಬರುತ್ತಾರೆ. ಹೊಲ ಹರಗುವ ಮೊದಲೇ ಕೊಡಬೇಕು.