ಕಾಲೇಜು ಬೀದಿಯ ಸಹಪಾಠಿಗಳು

ಭೌತವಿಜ್ಞಾನದ ಪಠ್ಯಪುಸ್ತಕಗಳಲ್ಲಿ ‘ಸಾಹಾ ಸಮೀಕರಣ’ವೆಂದೂ ‘ಬೋಸ್ ಸಂಖ್ಯಾಶಾಸ್ತ್ರ’ವೆಂದೂ ಎರಡು ಹೆಸರುಗಳು ಬರುತ್ತವೆ. ಮೊದಲನೆಯದು ನಕ್ಷತ್ರಗಳಿಗೆ ಸಂಬಂಧಿಸಿದುದು. ಎರಡನೆಯದು ಬೆಳಕಿನ ಕಣಗಳಿಗೆ. ಅವು ಬೇರೆ ಬೇರೆ ಅಧ್ಯಾಯಗಳಲ್ಲಿರುವುದರಿಂದ, ಆ ಹೆಸರಿನ ಇಬ್ಬರೂ ಒಂದೇ ತರಗತಿಯಲ್ಲಿ ಕುಳಿತು ಓದಿದವರೆಂಬ ಸಂಗತಿ ಅನೇಕ ವಿದ್ಯಾರ್ಥಿಗಳ ಗಮನಕ್ಕೆ ಬರುವುದೇ ಇಲ್ಲ. ಮೇಘನಾದ ಸಾಹಾ, ಸತ್ಯೇಂದ್ರನಾಥ ಬೋಸ್ ಇವರು 1911ರಿಂದ 1915ರವರೆಗೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಹಪಾಠಿಗಳು. ಅನಂತರ ಅದೇ ನಗರದ ವಿಶ್ವವಿದ್ಯಾನಿಲಯದಲ್ಲಿ ಸಹೋದ್ಯೋಗಿಗಳು. ಅವರ ವಿದ್ಯಾರ್ಥಿದೆಶೆ ಎಲ್ಲಿ ಮುಗಿಯಿತು, ಅಧ್ಯಾಪಕವೃತ್ತಿ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ನಮಗೆ ಇಲ್ಲಿ ಕುತೂಹಲ ಹುಟ್ಟಿಸುವುದೂ ಅದೇ.

ಕಲ್ಕತ್ತೆ ಆಗ ಭಾರತದ ಅತಿ ದೊಡ್ಡ ನಗರಗಳಲ್ಲಿ ಒಂದು. 1911ರ ಕೊನೆಯಲ್ಲಿ ರಾಜಧಾನಿಯು ದೆಹಲಿಗೆ ಹೋಗುವುದೆಂದು ಘೋಷಣೆಯಾದರೂ ವಿದ್ಯೆಯ ರಾಜಧಾನಿ ಅಲ್ಲಿಂದ ಕದಲಲಿಲ್ಲ. ಅಲ್ಲಿನ ವಿಶ್ವವಿದ್ಯಾನಿಲಯವು 1857ರಲ್ಲಿ ಸ್ಥಾಪಿತವಾದುದು. ಪ್ರೆಸಿಡೆನ್ಸಿ ಕಾಲೇಜು ಅದಕ್ಕಿಂತಲೂ ಹಿರಿದು; 1817ರಲ್ಲಿ ಹಿಂದೂ ಕಾಲೇಜೆಂದು ಹುಟ್ಟಿ, 1855ರಲ್ಲಿ ಈ ಹೆಸರನ್ನು ಪಡೆಯಿತು. (2010ರಿಂದ ಅದು ತಾನೇ ಒಂದು ವಿಶ್ವವಿದ್ಯಾನಿಲಯವಾಗಿದೆ.) ಎರಡೂ ಇದ್ದುದು ಕಾಲೇಜು ಬೀದಿಯಲ್ಲಿ. ಬೀದಿಯುದ್ದಕ್ಕೂ ಪುಸ್ತಕದಂಗಡಿಗಳು, ಹಳೆಯ ಪುಸ್ತಕಗಳಿಗೂ ಅಲ್ಲಿ ಬೆಲೆಯುಂಟು.

ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಕಲಿಸುತ್ತಿದ್ದವರು ಜಗದೀಶಚಂದ್ರ ಬೋಸ್. ರಸಾಯನವಿಜ್ಞಾನವನ್ನು ಕಲಿಸುತ್ತಿದ್ದವರು ಪ್ರಫುಲ್ಲಚಂದ್ರ ರಾಯ್. ಅಂಥ ಗುರುಗಳು ಒಂದೇ ಕಟ್ಟಡದಲ್ಲಿ ದೊರೆಯುವುದು ಯಾವ ಕಾಲದಲ್ಲಿಯೂ ಅಪರೂಪ. ರಾಯ್ ಅವರು ಅವಿವಾಹಿತರು. ತಮ್ಮ ಸಂಬಳದ ಬಹುಭಾಗವನ್ನು ಬಡ ವಿದ್ಯಾರ್ಥಿಗಳಿಗೂ ಸಾರ್ವಜನಿಕ ಕಾರ್ಯಗಳಿಗೂ ಕೊಟ್ಟುಬಿಡುತ್ತಿದ್ದರು. ಸಂಜೆ ಮೈದಾನಕ್ಕೆ ತಿರುಗಾಡಲು ಹೋದರೆ ಅವರ ಸುತ್ತ ಶಿಷ್ಯರ ಗುಂಪೇ ಇರುತ್ತಿತ್ತು. ಇನ್ನು ಸಹಪಾಠಿಗಳಾದರೋ, ಮುಂದೆ ರಸಾಯನವಿಜ್ಞಾನದಲ್ಲಿ ಹೆಸರಾದ ಜ್ಞಾನಚಂದ್ರ ಘೋಷ್ ಮತ್ತು ಜ್ಞಾನೇಂದ್ರನಾಥ ಮುಖರ್ಜಿ. ಒಂದು ವರ್ಷ ಮುಂದಿನ ತರಗತಿಯಲ್ಲಿ ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸ್.

ಬೋಸ್ ನಗರದ ಹುಡುಗ. ತಂದೆ ರೈಲ್ವೆಯ ಲೆಕ್ಕಪತ್ರಗಳ ಕೆಲಸದಲ್ಲಿದ್ದವರು. ಮನೆಯಿಂದಲೇ ಕಾಲೇಜಿಗೆ ಬರುತ್ತಿದ್ದ ಬೋಸರಿಗೆ ಊಟ ವಸತಿಗಳ ಚಿಂತೆಯಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಅವರ ಗಣಿತದ ಉಪಾಧ್ಯಾಯರು ನೂರಕ್ಕೆ ನೂರಹತ್ತು ಅಂಕಗಳನ್ನು ಕೊಟ್ಟರಂತೆ. ಲೆಕ್ಕಗಳನ್ನು ಒಂದಕ್ಕಿಂತ ಹೆಚ್ಚು ವಿಧಾನಗಳಿಂದ ಬಿಡಿಸಿದ್ದುದೇ ಕಾರಣ.

ಸಾಹಾ ಅವರ ಹಾದಿ ಬೇರೆ. ಢಾಕ್ಕಾ ಸಮೀಪದ ಶೇವಡಾತಲಿ ಎಂಬ ಹಳ್ಳಿಯಲ್ಲಿ ಸಣ್ಣ ದಿನಸಿ ಅಂಗಡಿಯವರ ಮಗ. ಎಂಟು ಮಕ್ಕಳಲ್ಲಿ ಐದನೆಯವರು. ಹಳ್ಳಿಯ ಶಾಲೆ ಮುಗಿದಮೇಲೆ, ಬೇರೊಂದು ಊರಿನ ಉದಾರಿಯಾದ ವೈದ್ಯರೊಬ್ಬರ ಮನೆಯಲ್ಲಿದ್ದು, ತಮ್ಮ ತಟ್ಟೆಯನ್ನು ತಾವೇ ತೊಳೆದು, ದನವನ್ನು ನೋಡಿಕೊಂಡು ಓದಿದರು. ಢಾಕ್ಕಾದ ಸರಕಾರೀ ಶಾಲೆಯಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು. ಆದರೆ ಬಂಗಾಳದ ವಿಭಜನೆಯ ಕಾಲದಲ್ಲಿ ಗವರ್ನರರ ಭೇಟಿಯನ್ನು ಬಹಿಷ್ಕರಿಸಿದವರ ಪೈಕಿ ಅವರೂ ಇದ್ದುದರಿಂದ ಶಾಲೆಯೂ ವೇತನವೂ ಒಟ್ಟಿಗೇ ತಪ್ಪಿದವು. ಮತ್ತೊಂದು ಶಾಲೆ ಸೇರಿ, ಢಾಕ್ಕಾ ಕಾಲೇಜಿನಲ್ಲಿ ಇಂಟರ್ಮೀಡಿಯೆಟ್ ಮುಗಿಸಿ, 1911ರಲ್ಲಿ ಕಲ್ಕತ್ತೆಗೆ ಬಂದು ಈಡನ್ ಹಿಂದೂ ವಿದ್ಯಾರ್ಥಿನಿಲಯವನ್ನು ಸೇರಿದರು.

ಅಲ್ಲಿ ನಡೆದುದನ್ನು ಮರೆಮಾಚಿ ಹೇಳುವುದರಿಂದ ಪ್ರಯೋಜನವಿಲ್ಲ. ಸಾಹಾ ಅವರು ಆಗಿನ ಸಮಾಜ ಕೀಳೆಂದು ಎಣಿಸಿದ್ದ ಜಾತಿಯವರು. ವಿದ್ಯಾರ್ಥಿನಿಲಯದ ಭೋಜನಶಾಲೆಯಲ್ಲಿ ತಮ್ಮೊಡನೆ ಅವರು ಕುಳಿತು ಉಣ್ಣುವುದಕ್ಕೆ ಮೇಲುಜಾತಿಯ ಕೆಲವು ಹುಡುಗರು ಒಪ್ಪಲಿಲ್ಲ. ಸರಸ್ವತೀ ಪೂಜೆಯ ದಿನ ಪುಷ್ಪಾಂಜಲಿಗೂ ಅವರನ್ನು ಬಿಡಲಿಲ್ಲ. ವಿದ್ಯೆಯ ಅಧಿದೇವತೆಯ ಮುಂದೆ, ಇಂಟರ್ಮೀಡಿಯೆಟ್ ಪರೀಕ್ಷೆಯಲ್ಲಿ ಮೂರನೆಯ ಸ್ಥಾನ ಪಡೆದುಬಂದ ವಿದ್ಯಾರ್ಥಿಗೆ ಎಡೆಯಿಲ್ಲ! ಕೆಲಕಾಲದ ಮೇಲೆ ಅವರು ವಿದ್ಯಾರ್ಥಿನಿಲಯವನ್ನೇ ಬಿಟ್ಟು ಹೊರಗೊಂದು ಮೆಸ್ಸಿನಲ್ಲಿ ನೆಲೆಸಿದರು. ಆಗ ಜ್ಞಾನಚಂದ್ರ ಘೋಷ್ ಮೊದಲಾದ ಕೆಲವು ಸ್ನೇಹಿತರು ತಾವೂ ಅಲ್ಲಿಂದ ಹೊರಟು ಅವರ ಜೊತೆಗೆ ಹೋದರು. ಇಂಥ ಸಂದರ್ಭಗಳಲ್ಲಿ ಮರುಕಪಡುವವರು ಬಹಳ ಮಂದಿ, ಹಾಸಿಗೆ ಸುತ್ತಿಕೊಂಡು ಹೊರಡುವವರು ಕಡಮೆ. ಸಾಹಾ ಅವರ ಮನಸ್ಸಿನಿಂದ ಆ ಗಾಯವಂತೂ ಮಾಯಲಿಲ್ಲ. ಜಾತಿಪದ್ಧತಿಯನ್ನು ಅವರು ಕೊನೆಯವರೆಗೂ ಕಟುವಾಗಿ ವಿರೋಧಿಸಿದರು.

1913ರ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಬೋಸ್ ಮೊದಲನೆಯವರು, ಸಾಹಾ ಎರಡನೆಯವರು. 1915ರ ಎಂ.ಎಸ್‌ಸಿ.ಯಲ್ಲಿಯೂ ಅದೇ ಕ್ರಮ. ಆದರೆ ಪದಕಗಳಿಂದ ಹೊಟ್ಟೆ ತುಂಬದು. ಸಾಹಾ ಅವರು ಸರಕಾರದ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂದಿದ್ದರು. ಕ್ರಾಂತಿಕಾರಿಗಳ ಸಹವಾಸದ ಸಂದೇಹದಿಂದ ಅನುಮತಿ ಸಿಕ್ಕಲಿಲ್ಲ. ತಮ್ಮ ಖರ್ಚಿಗೂ, ಜೊತೆಯಲ್ಲಿದ್ದ ತಮ್ಮನ ಖರ್ಚಿಗೂ ನಗರದ ಈ ಕೊನೆಯಿಂದ ಆ ಕೊನೆಗೆ ಸೈಕಲ್ಲಿನಲ್ಲಿ ತಿರುಗುತ್ತ ಮನೆಪಾಠ ಹೇಳಿದರು. ಸರಕಾರ ಒಬ್ಬ ಲೆಕ್ಕಾಧಿಕಾರಿಯನ್ನು ಕಳೆದುಕೊಂಡಿತು; ಅದಕ್ಕಾಗಿ ನಾವು ಸರಕಾರಕ್ಕೆ ಋಣಿಗಳಾಗಿರಬೇಕು.

ಇಷ್ಟರಲ್ಲಿ ಆಶುತೋಷ ಮುಖರ್ಜಿಯವರ ಪ್ರಯತ್ನದಿಂದ, ತಾರಕನಾಥ ಪಾಲಿತ್ ಮತ್ತು ರಾಸಬಿಹಾರಿ ಘೋಷ್ ಎಂಬ ಇಬ್ಬರು ವಕೀಲರ ದಾನದಿಂದ, ವಿಶ್ವವಿದ್ಯಾನಿಲಯದ ಹೊಸ ವಿಜ್ಞಾನ ಕಾಲೇಜು ತಲೆಯೆತ್ತಿತು. 1916ರಲ್ಲಿ ಸಾಹಾ ಮತ್ತು ಬೋಸ್ ಅಲ್ಲಿ ಉಪನ್ಯಾಸಕರಾದರು. ವಯಸ್ಸು ಇಪ್ಪತ್ತೆರಡು! ಇಬ್ಬರೂ ಎಂ.ಎಸ್‌ಸಿ. ಮಾಡಿದ್ದುದು ಗಣಿತದಲ್ಲಿ, ಬೇಗನೆ ಭೌತವಿಜ್ಞಾನಕ್ಕೆ ಬಂದರು. ಎಂ.ಎಸ್‌ಸಿ. ತರಗತಿಗೆ ಉಷ್ಣಗತಿವಿಜ್ಞಾನ, ರೋಹಿತವಿಜ್ಞಾನ, ಸಾಪೇಕ್ಷತಾವಾದ ಮುಂತಾದವುಗಳನ್ನು ಕಲಿಸಬೇಕು. ಅವುಗಳಲ್ಲಿ ಕೆಲವನ್ನು ಇವರಿಗೆ ಯಾರೂ ಕಲಿಸಿರಲಿಲ್ಲ. ಯುರೋಪಿನಲ್ಲಿ ಯುದ್ಧ ನಡೆಯುತ್ತಿದ್ದುದರಿಂದ ಜರ್ಮನಿಯ ಪತ್ರಿಕೆಗಳು ಬರುತ್ತಿರಲಿಲ್ಲ. ಆಗ ನೆರವಾದವರು ಬಂಗಾಳದಲ್ಲಿಯೇ ನೆಲೆಸಿದ್ದ ಬ್ರೂಲ್ ಎಂಬ ವಿದ್ವಾಂಸರು. ಸಸ್ಯವಿಜ್ಞಾನದಲ್ಲಿ ಆಸಕ್ತರಾದ ಅವರ ಮನೆಯಲ್ಲಿ ಭೌತವಿಜ್ಞಾನದ ಜರ್ಮನ್ ಗ್ರಂಥಗಳು ಹೇರಳವಾಗಿದ್ದುವು. ತರುಣರು ಅವುಗಳನ್ನು ಎರವಲು ತಂದು, ಪ್ಲಾಂಕ್, ಬೋಲ್ಟ್ಸ್‌ಮನ್ ಮುಂತಾದವರನ್ನು ಮೂಲದಲ್ಲಿಯೇ ಓದಿದರು. ಇಂದು ಓದಿದುದನ್ನು ನಾಳೆ ಕಲಿಸುವುದು. ಕಲಿಸುವಾಗ ಎಡವಿದ ಕಡೆಯನ್ನು ರಾತ್ರಿ ಮತ್ತೆ ಓದುವುದು.

1919ರ ಸೂರ್ಯಗ್ರಹಣದಿಂದ ಐನ್‌ಸ್ಟೈನರ ಹೆಸರು ಲೋಕಪ್ರಸಿದ್ಧವಾಯಿತು. ಅವರ ಮೂಲಲೇಖನಗಳು ಜರ್ಮನ್ ಭಾಷೆಯಲ್ಲಿದ್ದುವು. ಸಾಹಾ ಅವರು 1905ರ ಲೇಖನವನ್ನೂ ಮಿಂಕೋವ್‌ಸ್ಕಿಯ ಲೇಖನವನ್ನೂ ಇಂಗ್ಲಿಷಿಗೆ ತಂದರು. ಬೋಸ್ ಅವರು 1916ರ ಸಾರ್ವತ್ರಿಕ ಸಾಪೇಕ್ಷತೆಯ ಲೇಖನವನ್ನು ತಂದರು. ಮಹಾಲನೋಬಿಸ್ ಪೀಠಿಕೆ ಬರೆದರು. 1920ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯವು ಪ್ರಕಟಿಸಿದ ಈ ಪುಸ್ತಕ, ಆ ಲೇಖನಗಳ ಮೊದಲ ಇಂಗ್ಲಿಷ್ ಅನುವಾದ. ಮೂವರಿಗೂ ಮೂವತ್ತು ತುಂಬಿರಲಿಲ್ಲ.

ಸಾಹಾ ಅವರ ಮುಖ್ಯ ಶೋಧವೂ ಈ ಪಾಠಗಳ ನಡುವೆಯೇ ಹುಟ್ಟಿತು. ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಬಣ್ಣಗಳ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಧಾತುವಿಗೂ ಅದರದೇ ಗೆರೆಗಳು. ಆದರೆ ಕೆಲವು ನಕ್ಷತ್ರಗಳಲ್ಲಿ ಕ್ಯಾಲ್ಸಿಯಮಿನ ಗೆರೆ ಬಲವಾಗಿಯೂ ಕೆಲವುಗಳಲ್ಲಿ ಕ್ಷೀಣವಾಗಿಯೂ ಇರುವುದೇಕೆ? ಅಲ್ಲಿ ಆ ಧಾತುವೇ ಕಡಮೆಯೆ? 1919ರ ಕೊನೆಯಲ್ಲಿ ಪ್ರಕಟವಾದ ಎಗರ್ಟ್ ಎಂಬುವರ ಜರ್ಮನ್ ಲೇಖನವೊಂದನ್ನು ಓದುವಾಗ ಸಾಹಾ ಅವರಿಗೆ ದಾರಿ ಹೊಳೆಯಿತು. ಕಾಸಿದಾಗ ಒಂದು ಸಂಯುಕ್ತವು ಬೇರ್ಪಡುವಂತೆಯೇ, ಅತಿ ಶಾಖದಲ್ಲಿ ಪರಮಾಣುವು ತನ್ನ ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನು ಆಗುತ್ತದೆ. ಉಷ್ಣತೆ ಏರಿದಷ್ಟೂ, ಒತ್ತಡ ಇಳಿದಷ್ಟೂ ಅಯಾನುಗಳ ಪ್ರಮಾಣ ಹೆಚ್ಚು. ಎಲೆಕ್ಟ್ರಾನನ್ನು ಕಳೆದುಕೊಂಡ ಪರಮಾಣುವಿನ ಗೆರೆಗಳೇ ಬೇರೆ. ಆದ್ದರಿಂದ ಗೆರೆಗಳ ಬಲಾಬಲವು ಬಹುಮಟ್ಟಿಗೆ ಶಾಖವನ್ನೂ ಒತ್ತಡವನ್ನೂ ಅವಲಂಬಿಸಿದೆ. ಅದರಿಂದ ನೇರವಾಗಿ ಧಾತುವಿನ ಮೊತ್ತವನ್ನು ಹೇಳಲಾಗದು. ಈ ಲೆಕ್ಕವು 1920ರಲ್ಲಿ ಪ್ರಕಟವಾಯಿತು. ಸೂರ್ಯನಲ್ಲಿ ಕಾಣದಿದ್ದ ರುಬಿಡಿಯಮಿನ ಗೆರೆಗಳು ತಣ್ಣಗಿರುವ ಸೌರಕಲೆಗಳಲ್ಲಿ ಕಾಣಬೇಕೆಂದು ಸಾಹಾ ಸೂಚಿಸಿದರು. ಅಮೆರಿಕದ ರಸೆಲ್ ಅವರು ಅಲ್ಲಿ ಅವನ್ನು ಕಂಡರು. 1925ರಲ್ಲಿ ಸಿಸಿಲಿಯಾ ಪೇನ್ ಎಂಬ ತರುಣಿ ಇದೇ ಸಮೀಕರಣವನ್ನು ಬಳಸಿ, ನಕ್ಷತ್ರಗಳಲ್ಲಿ ಹೈಡ್ರೊಜನ್ ಎಲ್ಲಕ್ಕಿಂತ ಅಧಿಕವೆಂಬ ಫಲಿತಾಂಶಕ್ಕೆ ಬಂದರು.

ಬೋಸ್ 1921ರಲ್ಲಿ ಹೊಸ ಢಾಕ್ಕಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಪ್ಲಾಂಕರ ವಿಕಿರಣನಿಯಮವನ್ನು ಪಾಠ ಹೇಳುವಾಗ ಅವರಿಗೆ ಸಮಾಧಾನವಾಗಲಿಲ್ಲ: ಸಾಧನೆಯ ಅರ್ಧ ಹಳೆಯ ಸಿದ್ಧಾಂತ, ಅರ್ಧ ಹೊಸದು. ವಿದ್ಯಾರ್ಥಿಗಳ ಮುಂದೆ ಇದನ್ನು ಹೇಗೆ ಸಮರ್ಥಿಸುವುದು? 1924ರಲ್ಲಿ, ಆಗ ಅಲಹಾಬಾದಿನಲ್ಲಿದ್ದ ಸಾಹಾ, ಢಾಕ್ಕಾಕ್ಕೆ ಬಂದು ಗೆಳೆಯನ ಮನೆಯಲ್ಲಿಯೇ ಇಳಿದುಕೊಂಡರು. ಈ ವಿಷಯದ ಹೊಸ ಲೇಖನಗಳತ್ತ ಅವರ ಗಮನ ಸೆಳೆದರು. ಬೋಸ್ ಕಂಡುಕೊಂಡ ಉತ್ತರದ ತಿರುಳು ಎಣಿಕೆಯಲ್ಲಿದೆ. ಎರಡು ನಾಣ್ಯಗಳನ್ನು ಚಿಮ್ಮಿದರೆ ನಾಲ್ಕು ಫಲಗಳು: ಎರಡೂ ತಲೆ, ಎರಡೂ ಹೂವು, ಒಂದು ತಲೆ ಇನ್ನೊಂದು ಹೂವು, ಅಥವಾ ಅದರ ವಿಪರ್ಯಯ. ಆದರೆ ನಾಣ್ಯಗಳನ್ನು ಒಂದರಿಂದ ಇನ್ನೊಂದನ್ನು ಗುರುತಿಸುವುದು ತತ್ತ್ವತಃ ಅಸಾಧ್ಯವೆಂದಾದರೆ ಕೊನೆಯ ಎರಡು ಒಂದೇ, ಫಲಗಳು ಮೂರೇ. ಬೆಳಕಿನ ಕಣಗಳನ್ನು ಹೀಗೆ ಎಣಿಸಿದಾಗ ಪ್ಲಾಂಕರ ನಿಯಮವು ಹಳೆಯ ಸಿದ್ಧಾಂತದ ಊರುಗೋಲಿಲ್ಲದೆ ದೊರೆಯಿತು.

1924ರ ಜೂನ್ 4ರಂದು ಬೋಸ್ ಆ ಲೇಖನವನ್ನು ಐನ್‌ಸ್ಟೈನರಿಗೆ ಕಳುಹಿಸಿದರು. ತಾವು ಅಪರಿಚಿತರಾದರೂ, ಅವರ ಬರಹಗಳನ್ನು ಓದಿ ಕಲಿತ ನಾವೆಲ್ಲರೂ ಅವರ ಶಿಷ್ಯರೇ ಆದುದರಿಂದ ಈ ಸಲಿಗೆಯೆಂದು ಜೊತೆಯ ಕಾಗದದಲ್ಲಿ ಬರೆದರು. ಕೆಲವು ವರ್ಷಗಳ ಹಿಂದೆ ಸಾಪೇಕ್ಷತೆಯ ಲೇಖನಗಳನ್ನು ಅನುವಾದಿಸಲು ಕಲ್ಕತ್ತೆಯಿಂದ ಯಾರೋ ಅನುಮತಿ ಕೇಳಿದ್ದುದನ್ನು ನೆನಪಿಸಿ, ಅದರಲ್ಲೊಂದನ್ನು ಅನುವಾದಿಸಿದವನು ತಾನೇ ಎಂದೂ ತಿಳಿಸಿದರು. ಈ ಬಾರಿ ಐನ್‌ಸ್ಟೈನರು ಬೋಸರ ಲೇಖನವನ್ನು ಸ್ವತಃ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕಳುಹಿಸಿಕೊಟ್ಟರು.